ಎರವಲು ಸಂಸಾರದ ಪರಿಶೋಧನೆ

ಇಡಗುಂಜಿಯ ಮಹಾಗಣಪತಿಗೆ ಮೊದಲ ನಮಸ್ಕಾರ. ಬೇರೆಡೆಯ ಗಣಪತಿಗಳಿಗೆ ನಾಲ್ಕು ಕೈಗಳಿರಬಹುದು. ನಮ್ಮ ಸ್ವಾಮಿಗೆ ಎರಡೇ. ಒಂದರಲ್ಲಿ ಪದ್ಮ, ಇನ್ನೊಂದರಲ್ಲಿ ಮೋದಕ. ಹಿಡಿದದ್ದೆಲ್ಲವೂ ಭಕ್ತರ ಕಣ್ಣೆದುರಿಗೇ ಇದೆ. ಬೆನ್ನ ಹಿಂದೆ ಬಚ್ಚಿಟ್ಟದ್ದು ಏನೂ ಇಲ್ಲ. ಲೆಕ್ಕಪರಿಶೋಧನೆಯ ಕಥೆಯನ್ನು ಹೇಳಹೊರಟವನಿಗೆ ಇದಕ್ಕಿಂತ ಯೋಗ್ಯನಾದ ದೇವತೆ ಎಲ್ಲಿ ದೊರೆತಾನು? ಆತನ ಅನಂತರ, ಸಕಲ ಜೀವರ ಪಾಪಪುಣ್ಯಗಳ ಕಡತವನ್ನು ಕಲ್ಪಕಲ್ಪಾಂತರಗಳಿಂದ ಒಬ್ಬನೇ ನೋಡಿಕೊಂಡು, ಒಂದು ದಿನವೂ ರಜೆ ಹಾಕದ ಚಿತ್ರಗುಪ್ತನಿಗೂ ಒಂದು ನಮಸ್ಕಾರ. ಇಬ್ಬರೂ ಪ್ರಸನ್ನರಾಗಿ, ನನ್ನ ಮಾತಿನಲ್ಲಿ ಹೆಚ್ಚುಕಡಿಮೆ ಬಾರದಂತೆ ಕಾಯಲಿ.

ಇದು ಎರಡು ಸಾವಿರದ ಮೂರನೆಯ ಇಸವಿಯ ವೈಶಾಖದಲ್ಲಿ ನಡೆದದ್ದು. ಹೊನ್ನಾವರದಿಂದ ದೋಣಿ ಹತ್ತಿದರೆ ಅರ್ಧ ಗಳಿಗೆಯಲ್ಲಿ ಸಿಗುವ, ಶರಾವತಿಯ ದಂಡೆಯ ಕಾಂಡ್ಲಗದ್ದೆ ಎಂಬ ಪುಟ್ಟ ಪಂಚಾಯತಿ ಈ ಕಥೆಯ ಕ್ಷೇತ್ರ. ಎರಡು ವರ್ಷಗಳ ಹಿಂದೆ ಹೊಳೆ ಉಕ್ಕಿ ಬಂದಾಗ, ಹೊಳೆಯಲ್ಲಿ ಬಳಚು ಎಂಬ ಚಿಪ್ಪುಮೀನನ್ನು ಹೆಕ್ಕಿ ಮಾರಿ ಜೀವಿಸುವ ಮಾದೇವಿಯ ಗುಡಿಸಲು ಸಮುದ್ರದ ಕಡೆಗೆ ಹೊರಟುಹೋಗಿತ್ತು. ದೆಹಲಿಯಿಂದ ಬಂದ ವಸತಿ ಅನುದಾನದಲ್ಲಿ ಪಂಚಾಯತಿಯವರು ಅವಳಿಗೊಂದು ಮನೆಯನ್ನು ಬರೆದರು. ಗೋಡೆಗಳು ಎದ್ದವು, ಮುಂಭಾಗದ ಮಾಡಿಗೆ ಹಂಚೂ ಬಂತು. ಹಿಂದಿನ ಅರ್ಧಕ್ಕೆ, ಎಂದರೆ ಅಡುಗೆಯ ಒಲೆಯ ಮೇಲಕ್ಕೆ, ಇನ್ನೂ ತೆಂಗಿನ ಮಡಲೇ ಹೊದಿಕೆ. ಕೊನೆಯ ಕಂತು ಬಿಡುಗಡೆಯಾಗಬೇಕಾದರೆ ಲೆಕ್ಕಪರಿಶೋಧಕರು ಬಂದು ಮನೆಯನ್ನು ಕಣ್ಣಾರೆ ಕಂಡು, ಸರಿಯಾದ ಫಲಾನುಭವಿಗೇ ಸಂದಿದೆ ಎಂದು ಬರೆಯಬೇಕು. ಮಳೆಗಾಲಕ್ಕೆ ಇಪ್ಪತ್ತು ದಿನಗಳಿದ್ದವು. ಮಾದೇವಿಯ ಗಂಡ ಜಟ್ಟ ಮೀನಿನ ಬೋಟಿನಲ್ಲಿ ಕಡಲ ಮೇಲಿದ್ದ. ಮನೆಯಲ್ಲಿ ಅವಳು ಮತ್ತು ಅತ್ತೆ ಲಕ್ಕಿ, ಇಬ್ಬರೇ.

ಪಂಚಾಯತಿಯ ಕಾರ್ಯದರ್ಶಿ ವಿಶ್ವನಾಥ ಎರಡು ದಿನಗಳಿಂದ ಕಡತಗಳ ನಡುವೆ ಮುಳುಗಿದ್ದ. ಬಿಲ್ ಕಲೆಕ್ಟರ್ ಹರಿಹರನನ್ನು ಕಂಡು, ತಲೆಯೆತ್ತದೆಯೇ ಹೇಳಿದ: "ನಾಡಿದ್ದು ಕುಮಟೆಯಿಂದ ಆಡಿಟರು ಬತ್ತ್ರು. ಮಾದೇವಿ ಮನೆ ಒಳಗೂ ಹೊಕ್ಕಿ ನೋಡ್ತ್ರಂತೆ. ಸ್ವಲ್ಪ ಚೊಕ್ಕ ಮಾಡ್ಸಿಡು, ಮಾರಾಯಾ."

ಕಸ ಗುಡಿಸಿಡು ಎಂಬಷ್ಟೇ ಅವನ ಅಭಿಪ್ರಾಯವಾಗಿತ್ತು. ಆದರೆ ಆಜ್ಞೆಯನ್ನು ಸ್ವೀಕರಿಸಿದವನು ಹರಿಹರ. ಮನೆಪಟ್ಟಿ ವಸೂಲು ಮಾಡುವುದು ಆತನ ಉದ್ಯೋಗವಾದರೂ, ಸಂಬಂಧ ಕೂಡಿಸುವುದು ಆತನ ಸಾಧನೆ. ಹದಿನೇಳು ಮದುವೆಗಳನ್ನು ಮಾಡಿಸಿದ್ದ. ಹೊರಗಿನವರು ಬಂದು ಒಂದು ಮನೆಯನ್ನು ಅಳೆದು ತೂಗಿ ಹೋಗುವ ಸಂದರ್ಭ ಅವನ ಅನುಭವದಲ್ಲಿ ಒಂದೇ ಒಂದು: ಹೆಣ್ಣು ನೋಡುವ ಶಾಸ್ತ್ರ. ಆ ದಿನ ನಮ್ಮ ಕಡೆ ನಡೆಯುವ ಕ್ರಮವನ್ನು ಎಲ್ಲರೂ ಬಲ್ಲರು. ಒಬ್ಬರ ಮನೆಯಿಂದ ಕುರ್ಚಿ, ಇನ್ನೊಬ್ಬರಲ್ಲಿಂದ ಕಾಫಿಯ ಲೋಟಗಳು, ಮತ್ತೊಬ್ಬರಲ್ಲಿಂದ ಗೋಡೆಯ ಗಡಿಯಾರ ಬಂದು ಹೆಣ್ಣಿನ ಮನೆಯನ್ನು ಅಲಂಕರಿಸುತ್ತವೆ. ಬಂದವರು ಕೇಳಿದರೆ ಎಲ್ಲವೂ "ನಮ್ದೇ". ಅವರು ಹೋದ ಮೇಲೆ ವಸ್ತುಗಳು ತಂತಮ್ಮ ಮನೆಗೆ ತೆರಳುತ್ತವೆ. ಇದನ್ನು ಸುಳ್ಳೆಂದು ಯಾರೂ ಎಣಿಸಿದ್ದಿಲ್ಲ. ಕೇರಿಯ ಮರ್ಯಾದೆ ಎಂದೇ ಎಣಿಕೆ.

ಹರಿಹರ ಮಾದೇವಿಯ ಮನೆಗೆ ಹೋದಾಗ ಅವಳು ಅಂಗಳದಲ್ಲಿ ಬಳಚು ತೊಳೆಯುತ್ತಿದ್ದಳು.

"ಮಾದೇವೀ, ಮನೇಲಿ ಎಂತೆಂತ ಅದೆ?"

"ಎಂತ ಅದೆ? ಎರಡು ಗಡಿಗೆ, ಒಂದು ಚಾಪೆ, ಈ ಬುಟ್ಟಿ. ಮತ್ತೆ ನಮ್ಮತ್ತೆ."

"ಶಿವನೇ! ಇದನ್ನ ನೋಡಿ ಆಡಿಟರು ಎಂತ ತಿಳ್ಕೊಂತ್ರು? ಊರಿನ ಮಾನ ಹೋಗೂದಿಲ್ವಾ?"

ಬಾಗಿಲಲ್ಲಿ ಕುಳಿತಿದ್ದ ಲಕ್ಕಿ ಎಲೆ ಅಡಿಕೆಯ ಚೀಲದ ದಾರ ಬಿಚ್ಚುತ್ತ ಕೇಳಿದಳು: "ಬಡವ್ರಿಗೆ ಹೇಳಿ ಕೊಟ್ಟ ಮನೆ ಅಲ್ವನಾ ತಮಾ? ಬಡವ್ರು ಇದ್ದಂಗೆ ಇದ್ರೆ ಸಾಕಾಗೂದಿಲ್ವನಾ?"

ಸಜ್ಜನರೇ, ಇಡೀ ಪ್ರಕರಣದ ಸಿದ್ಧಾಂತ ಈ ಒಂದು ಮಾತಿನಲ್ಲಿತ್ತು. ಆದರೆ ಸಿದ್ಧಾಂತವನ್ನು ಆರಂಭದಲ್ಲಿಯೇ ಒಪ್ಪಿಕೊಂಡರೆ ಶಾಸ್ತ್ರಗ್ರಂಥಗಳೂ ಇರುತ್ತಿರಲಿಲ್ಲ, ಹಾಸ್ಯ ಕಥೆಗಳೂ ಇರುತ್ತಿರಲಿಲ್ಲ.

"ಅಜ್ಜೀ, ಹದಿನೇಳು ಮದ್ವೆ ಮಾಡ್ಸಿದವ ನಾನು," ಎಂದ ಹರಿಹರ. "ಬಂದವ್ರಿಗೆ ಮೊದ್ಲು ಕಣ್ಣು ತುಂಬ್ಬೇಕು, ಆಮೇಲೆ ಹೊಟ್ಟೆ ತುಂಬ್ಬೇಕು. ಕಾಗದ ಪತ್ರ ಎಲ್ಲಾ ಅದರ ಮೇಲೆ. ನೀವು ಸುಮ್ಮಂಗೆ ಕೂಕಣಿ."

ಸುದ್ದಿ ಹರಡಿತು. ಹರಿಹರನ ಹೆಂಡತಿ ಮಾಲತಿ ತನ್ನ ಅಟ್ಟದಿಂದ ಮೂವತ್ತೊಂದು ಸ್ಟೀಲಿನ ಪಾತ್ರೆಗಳನ್ನು ಇಳಿಸಿ, ಹುಣಸೆಹಣ್ಣು ಹಚ್ಚಿ ಬೆಳಗಿ, ಸಾಲಾಗಿ ಹೊತ್ತು ತಂದಳು. ಅವುಗಳನ್ನು ಜೋಡಿಸಲು ಒಂದು ಕಪಾಟು, ಕಪಾಟಿಗೊಂದು ಪರದೆ. ಒಬ್ಬರ ಹೊಲಿಗೆ ಯಂತ್ರ ಬಂತು, ಇನ್ನೊಬ್ಬರ ಹಿಮಾಲಯದ ಚಿತ್ರಪಟ ಬಂತು. ಪುರಾಣ ಹೇಳುವುದಕ್ಕೆಂದು ಆ ವಾರ ಹಳದೀಪುರದಿಂದ ಆ ಊರಿಗೆ ಹೋಗಿದ್ದ ನಾನು ಕುಳಿತಿದ್ದ ಬೆತ್ತದ ಕುರ್ಚಿಯೂ, ನಾನು ಸ್ನಾನಕ್ಕೆ ಎದ್ದ ಹೊತ್ತಿನಲ್ಲಿ ಹೋಯಿತು. ಅದನ್ನು ಹುಡುಕಿಕೊಂಡು ಹೋದದ್ದರಿಂದಲೇ ಮುಂದಿನದಕ್ಕೆಲ್ಲ ನಾನು ಸಾಕ್ಷಿಯಾದೆ.

ಪಕ್ಕದ ಅಂಗಡಿಯ ದುರ್ಗಪ್ಪ ಮಾತ್ರ ತನ್ನ ಬಣ್ಣದ ಟಿ.ವಿ.ಯನ್ನು ಕೊಡಲೊಪ್ಪಲಿಲ್ಲ.

"ಆತು, ಬಿಡು," ಎಂದ ಹರಿಹರ. "ಮಾಲತಿ ಪಾತ್ರೆಯೇ ಸಾಕು. ಇಡೀ ಕೇರೀಲಿ ಅಷ್ಟು ಚಂದದ ಸಾಮಾನು ಯಾರ ಮನೇಲೂ ಇಲ್ಲ ಹೇಳಿ ಆಡಿಟರು ತಿಳ್ಕೊಂಡ್ರೆ ಆತು."

ದುರ್ಗಪ್ಪ ಒಡನೆಯೇ ಇಬ್ಬರು ಆಳುಗಳನ್ನು ಕರೆದ. "ಟಿ.ವಿ. ಒಯ್ಯಿ. ಆದ್ರೆ ನಮ್ಮ ಟಿ.ವಿ. ಮುಸುಕು ಹಾಕ್ಕಂಡು ಕೂರೂದಲ್ಲ. ಓಡ್ತಾ ಇರ್ಬೇಕು!" ಮಾದೇವಿಯ ಮನೆಗೆ ವಿದ್ಯುತ್ತಿರಲಿಲ್ಲ. ಆದ್ದರಿಂದ ದುರ್ಗಪ್ಪನ ಅಂಗಡಿಯಿಂದ ಎರಡು ತೆಂಗಿನಮರಗಳನ್ನು ಸುತ್ತಿ ಒಂದು ತಂತಿ ಬಂತು.

ನಿಗದಿಯಾದ ದಿನ ಹತ್ತೂವರೆಗೆ ಲೆಕ್ಕಪರಿಶೋಧಕರಾದ ಅನಂತಮೂರ್ತಿ ಹೆಗಡೆಯವರು ದೋಣಿಯಿಂದಿಳಿದರು. ಕೃಶವಾದ ದೇಹ, ಕಂಕುಳಲ್ಲಿ ಕೊಡೆ, ಕಿಸೆಯಲ್ಲಿ ಹಸಿರು ಶಾಯಿಯ ಪೆನ್ನು, ಚೀಲದಲ್ಲಿ ಮನೆಯಿಂದ ತಂದ ಮೊಸರನ್ನ ಮತ್ತು ನೀರಿನ ಬಾಟಲಿ. ಪರಿಶೋಧನೆಗೆ ಹೋದ ಊರಿನಲ್ಲಿ ಒಂದು ತೊಟ್ಟು ನೀರನ್ನೂ ಮುಟ್ಟದಿರುವುದು ಇಪ್ಪತ್ತೈದು ವರ್ಷಗಳ ಅವರ ವ್ರತ. ಇಂಥ ಧರ್ಮಾತ್ಮರು ಕಚೇರಿಗಳಲ್ಲಿ ದುರ್ಲಭ. ಇದ್ದಲ್ಲಿ ಉಳಿದವರಿಗೆ ಕಷ್ಟ.

ಒಳಗೆ ಕಾಲಿಟ್ಟವರು ಹಾಗೆಯೇ ನಿಂತರು. ಟಿ.ವಿ.ಯಲ್ಲಿ ಯಾರೋ ಕ್ರಿಕೆಟ್ ಆಡುತ್ತಿದ್ದರು.

"ಇದು ಫಲಾನುಭವಿಯ ಮನೆಯೋ? ನಾವು ತಪ್ಪಿ ಅಧ್ಯಕ್ಷರ ಮನೆಗೆ ಬಂದೆವೋ?"

"ಫಲಾನುಭವಿದೇ ಸರ್," ಎಂದ ಹರಿಹರ, ಗೆದ್ದವನ ದನಿಯಲ್ಲಿ.

"ಈ ಟಿ.ವಿ.?"

"ಅವ್ರದ್ದೇ."

"ಹೊಲಿಗೆ ಯಂತ್ರ?"

"ಅದೂ ಅವ್ರದ್ದೇ. ಕೈಕೆಲ್ಸ ಎಲ್ಲಾ ಬತ್ತದೆ ಸರ್."

ಹಿಂದೆ ನಿಂತಿದ್ದ ವಿಶ್ವನಾಥ ಎರಡೂ ಹುಬ್ಬುಗಳನ್ನೆತ್ತಿ, ತಲೆಯನ್ನು ಅತ್ತಿತ್ತ ಆಡಿಸಿ, ಕೊನೆಗೆ ಕೈ ಮುಗಿದು ಸನ್ನೆ ಮಾಡಿದ. ಇನ್ನಷ್ಟು ಹೊಗಳಬೇಕೆಂಬ ಸೂಚನೆ ಅದು ಎಂದು ಹರಿಹರ ಗ್ರಹಿಸಿದ. "ಮಾದೇವೀ, ತಗಂಡು ಬಾ!" ಎಂದು ಕೂಗಿದ.

ಮಾಲತಿಯ ರೇಷ್ಮೆ ಸೀರೆ, ಅವಳದೇ ಎರಡೆಳೆಯ ಸರ, ಕೈತುಂಬ ಬಳೆ ತೊಟ್ಟ ಮಾದೇವಿ ಹರಿವಾಣದಲ್ಲಿ ಶಿರಾ, ಉಪ್ಪಿಟ್ಟು, ಕಾಫಿ ಹಿಡಿದು, ಹರಿಹರ ಕಲಿಸಿದ್ದಂತೆ ತಲೆ ತಗ್ಗಿಸಿ ಬಂದಳು. ನಲವತ್ತು ವರ್ಷದ ಹೆಂಗಸು. ಹೊಳೆಯಲ್ಲಿ ಎದೆಮಟ್ಟ ನೀರಿಗೆ ಅಂಜದವಳು ಆ ಸೀರೆಯ ನೆರಿಗೆಗೆ ಎಡವಿದಳು.

"ಹೆಸರು?" ಎಂದು ಕೇಳಿದರು ಹೆಗಡೆಯವರು.

"ಮಾದೇವಿ," ಎಂದವನು ಹರಿಹರ. "ಹಾಡೂ ಬತ್ತದೆ ಸರ್. ಒಂದು ಹೇಳಿಸ್ಲಾ?"

ಹೆಗಡೆಯವರು ಕನ್ನಡಕ ತೆಗೆದು ಒರೆಸಿಕೊಂಡರು. "ಹಾಡಿಗೆ ಅನುದಾನವಿಲ್ಲ," ಎಂದರು. ಹರಿವಾಣವನ್ನು ಬೆರಳ ತುದಿಯಿಂದ ದೂರ ಸರಿಸಿದರು. ಬಂದವರು ಶಿರಾ ಮುಟ್ಟದಿದ್ದರೆ ಸಂಬಂಧ ಮುರಿಯಿತೆಂದೇ ಅರ್ಥ. ಹದಿನೇಳು ಮದುವೆಗಳ ನಡುವೆ ಮುರಿದುಹೋದ ಒಂಬತ್ತರಲ್ಲಿ ಹರಿಹರ ಅದನ್ನು ಕಂಡಿದ್ದ.

ಹಸಿರು ಪೆನ್ನು ತಂತಿಯನ್ನು ತೋರಿಸಿತು. "ಮೀಟರ್ ಎಲ್ಲಿದೆ?"

ಇದಕ್ಕೆ ಹೆಣ್ಣು ನೋಡುವ ಶಾಸ್ತ್ರದಲ್ಲಿ ಉತ್ತರವಿರಲಿಲ್ಲ. ದುರ್ಗಪ್ಪ ಜನರ ಹಿಂದೆ ಸರಿದುಕೊಂಡ.

ಹೆಗಡೆಯವರು ನನ್ನ ಬೆತ್ತದ ಕುರ್ಚಿಯಲ್ಲಿ ಕುಳಿತು, ಬರೆದು, ಬರೆದದ್ದನ್ನು ನಿಯಮದಂತೆ ಎಲ್ಲರಿಗೂ ಕೇಳುವಂತೆ ಓದಿದರು: "ಫಲಾನುಭವಿಯು ಬಡತನದ ರೇಖೆಗಿಂತ ಬಹಳ ಮೇಲಿರುವುದು ಸ್ಥಳಪರಿಶೀಲನೆಯಲ್ಲಿ ಕಂಡುಬಂದಿದೆ. ಕೊನೆಯ ಕಂತನ್ನು ತಡೆಹಿಡಿಯತಕ್ಕದ್ದು. ಈವರೆಗೆ ನೀಡಿದ್ದನ್ನು ಮರುವಸೂಲು ಮಾಡತಕ್ಕದ್ದು."

ಮಾದೇವಿ ಹರಿವಾಣವನ್ನು ನೆಲಕ್ಕಿಟ್ಟಳು. ತಗ್ಗಿಸಿದ್ದ ತಲೆ ಎದ್ದಿತು. ಬಳೆಗಳನ್ನು ಒಂದೊಂದಾಗಿ ಕಳಚಿ ಮಾಲತಿಯ ಮಡಿಲಿಗೆ ಹಾಕುತ್ತ ಹೇಳಿದಳು: "ಹರಿಹರಣ್ಣಾ, ಮಳೆ ಇಪ್ಪತ್ತು ದಿನದಲ್ಲಿ ಬತ್ತದೆ. ನನ್ನ ಒಲೆ ಮೇಲೆ ಮಡಲು. ನೀನು ಮನೆಗೆ ಮಾಡು ಹಾಕ್ಸೂಕೆ ಬಂದ್ಯಾ, ಇದ್ದ ಮಾಡನ್ನೂ ತೆಗ್ಸೂಕೆ ಬಂದ್ಯಾ?"



ಹರಿಹರ ಹೆಗಡೆಯವರಿಗೆ ಕೈ ಮುಗಿದ. "ಸರ್, ತಪ್ಪಾತು. ಇದ್ಯಾವ್ದೂ ಇವಳದ್ದಲ್ಲ. ಎಲ್ಲಾ ಎರವಲು."

"ಈಗ ಹಾಗೆ ಹೇಳುತ್ತೀರಿ. ಐದು ನಿಮಿಷದ ಹಿಂದೆ ಎಲ್ಲವೂ ಅವರದ್ದೇ ಆಗಿತ್ತು. ನಾನು ಯಾವ ಬಾಯಿಯನ್ನು ನಂಬಲಿ?"

"ಪಾತ್ರೆ ಮೇಲೆ ಹೆಸ್ರು ಅದೆ ಸರ್!" ಎಂದು ಮಾಲತಿ ಮುಂದೆ ಬಂದಳು. "ನೋಡಿ, 'ಮಾಲತಿ'. ಇದ್ರಲ್ಲೂ 'ಮಾಲತಿ'. ಇದ್ರಲ್ಲಿ ನಮ್ಮ ಅಕ್ಕ ಸುಪ್ರಿಯಾಂದು."

ಎಲ್ಲರೂ ಗೆದ್ದೆವೆಂದುಕೊಂಡರು. ಆದರೆ ಹೆಗಡೆಯವರು ತರ್ಕದಲ್ಲಿ ಪಳಗಿದವರು. "ತಾಯೀ, ಮದುವೆ ಮುಂಜಿಗಳಲ್ಲಿ ಉಡುಗೊರೆ ಕೊಡುವ ಪಾತ್ರೆಯ ಮೇಲೆ ಯಾರ ಹೆಸರು ಕೆತ್ತಿಸುತ್ತೀರಿ? ಪಡೆದವರದ್ದೋ, ಕೊಟ್ಟವರದ್ದೋ?"

ಮಾಲತಿ ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟಳು. "...ಕೊಟ್ಟವ್ರದ್ದು."

"ಸರಿ. ನಿಮ್ಮ ಹೆಸರಿದ್ದರೆ ನೀವು ಇವರಿಗೆ ಕೊಟ್ಟಿರಿ ಎಂದಾಯಿತೇ ಹೊರತು, ಪಾತ್ರೆ ನಿಮ್ಮದು ಎಂದಾಗುವುದಿಲ್ಲ. ಹೆಸರು ಯಾರದ್ದೇ ಇರಲಿ, ವಸ್ತು ಯಾರ ಮನೆಯಲ್ಲಿದೆಯೋ ಅವರದ್ದು. ಇದು ನನ್ನ ಸೂತ್ರ."

ಪೂರ್ವಪಕ್ಷ ಅಭೇದ್ಯವಾಗಿತ್ತು. ಆ ಕೇರಿಯ ಪ್ರತಿಯೊಂದು ಅಡುಗೆಮನೆಯಲ್ಲಿಯೂ ಅರ್ಧಕ್ಕರ್ಧ ಪಾತ್ರೆಗಳು ಯಾರ್ಯಾರದೋ ಹೆಸರು ಹೊತ್ತಿದ್ದವು.

"ಆದರೂ ಪಟ್ಟಿ ಮಾಡೋಣ," ಎಂದು ಹೆಗಡೆಯವರು ತೋಳು ಮಡಚಿದರು. "ನಾನು ಓದುತ್ತೇನೆ, ಕಾರ್ಯದರ್ಶಿಗಳು ಬರೆಯಲಿ. ಒಂದು, ಕೊಳಗ, ಮಾಲತಿ. ಎರಡು, ತಪ್ಪಲೆ, ಮಾಲತಿ. ಮೂರು..."

ಪಟ್ಟಿ ಸಾಗಿತು. ಇಪ್ಪತ್ತಮೂರನೆಯದು ಒಂದು ಗುಂಡನೆಯ ಡಬ್ಬಿ. ಹೆಗಡೆಯವರು ಅದನ್ನು ಬೆಳಕಿಗೆ ಹಿಡಿದರು. ತಿರುಗಿಸಿ ತಳ ನೋಡಿದರು, ಅಲ್ಲೊಂದು ತಗ್ಗಿತ್ತು. ಮತ್ತೆ ಹೆಸರು ನೋಡಿದರು. ಡಬ್ಬಿಯನ್ನು ಮೆಲ್ಲನೆ ಕೆಳಗಿಟ್ಟು, "ಇಪ್ಪತ್ತನಾಲ್ಕು," ಎಂದರು.

"ಇಪ್ಪತ್ತಮೂರಕ್ಕೆ ಹೆಸರು ಸರ್?" ಎಂದ ವಿಶ್ವನಾಥ, ಪೆನ್ನು ಎತ್ತಿ ಹಿಡಿದು.

"ಸವೆದುಹೋಗಿದೆ."

ಇಪ್ಪತ್ತೈದು ವರ್ಷಗಳ ಸೇವೆಯಲ್ಲಿ ಆ ಮಹನೀಯರ ಬಾಯಿಂದ ಬಂದ ಮೊದಲ ಅಸತ್ಯ ಅದಾಗಿರಬೇಕು. ಅಭ್ಯಾಸವಿಲ್ಲದ್ದರಿಂದ ಕಿವಿಗಳು ಕೆಂಪಾದವು.

"ಎಲ್ಲಿ ಸವ್ದದೆ? ಚೊಲೋ ಕಾಣ್ತದೆ," ಎಂದು ಮಾಲತಿ ಡಬ್ಬಿಯನ್ನೆತ್ತಿ ಗಟ್ಟಿಯಾಗಿ ಓದಿದಳು: "'ಸೌ. ಸುಮತಿ ಅನಂತಮೂರ್ತಿ ಹೆಗಡೆ, ಕುಮಟಾ.'"

ವಿಶ್ವನಾಥನ ಪೆನ್ನು ಕೆಳಗೆ ಬಿತ್ತು. ಎಲ್ಲರ ದೃಷ್ಟಿಯೂ ಲೆಕ್ಕಪರಿಶೋಧಕರ ಕಡೆಗೆ ತಿರುಗಿತು. ಲಕ್ಕಿ ಗೋಡೆ ಹಿಡಿದು ಎದ್ದು, ಭಕ್ತಿಯಿಂದ ಕೈ ಜೋಡಿಸಿದಳು.

"ಒಡಿಯಾ, ನಂಗೆ ಓದೂಕೆ ಬತ್ತಿಲ್ಲ. ಆದ್ರೆ ತಾವು ಈಗ ಹೇಳಿದ್ದು ತಲೇಲಿ ಅದೆ. ಹೆಸ್ರು ಇದ್ದವ್ರು ಕೊಟ್ಟವ್ರು, ಮನೆ ಇದ್ದವ್ರು ತಗಂಡವ್ರು. ಹಂಗಾರೆ ತಮ್ಮ ಮನೆ ಅಮ್ಮಾವ್ರು ನಮ್ಮ ಮಾದೇವಿಗೆ ಉಡುಗೊರೆ ಕೊಟ್ಟಂಗೆ ಆತು. ಬಾಳಾ ಉಪ್ಕಾರ. ವಿಶ್ವನಾಥಾ, ಬರ್ಕೊ: ಆಡಿಟರ ಮನೆಯಿಂದ ಬಂದ ಉಡುಗೊರೆ, ಒಂದು."

"ಬರೆಯಬೇಡಿ!" ಎಂದು ಹೆಗಡೆಯವರು ಕುರ್ಚಿಯಿಂದ ಎದ್ದರು. "ನಾನು ಇವರಿಗೆ ಏನನ್ನೂ ಕೊಟ್ಟಿಲ್ಲ! ಈ ಡಬ್ಬಿ ಹನ್ನೊಂದು ವರ್ಷಗಳ ಹಿಂದೆ ನಮ್ಮ ಮನೆಯಿಂದ ಕಾಣೆಯಾದದ್ದು!"

"ಹಂಗಾರೆ ಕದ್ದದ್ದಾ ಒಡಿಯಾ?"

"ಅಯ್ಯೋ, ಕದ್ದದ್ದಲ್ಲ!" ಎಂದು ಮಾಲತಿ ಹಣೆ ಚಚ್ಚಿಕೊಂಡಳು. "ಈಗ ನೆನಪಾತು. ನಮ್ಮ ಸುಪ್ರಿಯಕ್ಕ ಕುಮಟೇಲಿ ತಮ್ಮ ಪಕ್ಕದ ಮನೇಲೇ ಬಾಡಿಗೆಗೆ ಇದ್ಲು ಸರ್. ನವರಾತ್ರೀಲಿ ಅಮ್ಮಾವ್ರು ತಮ್ಮ ಕೈಲೇ ಇದ್ರಲ್ಲಿ ಪಂಚಕಜ್ಜಾಯ ಕಳ್ಸಿದ್ರಂತೆ. ತಿಂದದ್ದು ನಾವೆಲ್ಲಾ. ಡಬ್ಬಿ ವಾಪಸ್ ಕೊಡ್ಬೇಕಿತ್ತು. ಆದ್ರೆ ಖಾಲಿ ಡಬ್ಬಿ ಹೆಂಗೆ ಕೊಡೂದು? ಏನಾದ್ರೂ ಚೊಲೋದು ಮಾಡಿದಾಗ ತುಂಬಿ ಕೊಡೂದು ಹೇಳಿ ಇಟ್ಟದ್ದು. ಅಷ್ಟರಲ್ಲಿ ಅಕ್ಕಂಗೆ ವರ್ಗ ಆತು, ಡಬ್ಬಿ ನಮ್ಮಲ್ಲಿಗೆ ಬಂತು..."

ಇದು ಎಲ್ಲ ಗೃಹಿಣಿಯರೂ ಬಲ್ಲ ಧರ್ಮ. ತಿಂಡಿ ಹೊತ್ತು ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವಂತಿಲ್ಲ. ಆ ಧರ್ಮವನ್ನು ಪಾಲಿಸುವ ಶ್ರದ್ಧೆಯಲ್ಲಿಯೇ ನಾಡಿನ ಎಷ್ಟೋ ಪಾತ್ರೆಗಳು ತವರು ಮರೆತಿವೆ.

ಹೆಗಡೆಯವರು ಡಬ್ಬಿಯನ್ನು ಮತ್ತೆ ಕೈಗೆತ್ತಿಕೊಂಡರು. ತಮ್ಮ ಸೂತ್ರವನ್ನು ಉಳಿಸಿಕೊಂಡರೆ ಫಲಾನುಭವಿಗೆ ಉಡುಗೊರೆ ಕೊಟ್ಟ ಲೆಕ್ಕಪರಿಶೋಧಕರಾಗುತ್ತಿದ್ದರು. ಡಬ್ಬಿ ತಮ್ಮದೆಂದರೆ, ಒಂದು ಮನೆಯಲ್ಲಿದ್ದ ವಸ್ತು ಇನ್ನೊಂದು ಮನೆಯದಾಗಿರಬಹುದೆಂದು ಒಪ್ಪಬೇಕಿತ್ತು. ಒಂದು ಸ್ಟೀಲಿನ ಡಬ್ಬಿ ಅವರ ಸೂತ್ರದ ವ್ಯಾಪ್ತಿಯನ್ನೇ ಭಂಗಗೊಳಿಸಿತ್ತು. ಅವರು ಪ್ರಾಮಾಣಿಕರು, ಸೋತದ್ದನ್ನು ಸೋತೆನೆಂದೇ ಬರೆಯಬಲ್ಲವರು.

"ಕೇಳಿ," ಎಂದರು. "ಯಾರ್ಯಾರ ವಸ್ತು ಯಾವುದೋ, ನನ್ನ ಕಣ್ಣೆದುರು ಹೊರಗೆ ಒಯ್ಯಿರಿ. ಕೊನೆಗೆ ಉಳಿದದ್ದೇ ಇವರದ್ದು."

ಕಪಾಟು ಹೋಯಿತು, ಪರದೆ ಹೋಯಿತು, ಹೊಲಿಗೆ ಯಂತ್ರ ಹೋಯಿತು. ಹಿಮಾಲಯ ಇಬ್ಬರ ಹೆಗಲೇರಿ ಇಳಿಯಿತು. ದುರ್ಗಪ್ಪ ತಂತಿ ಕಿತ್ತೊಡನೆ ಕ್ರಿಕೆಟ್ ನಿಂತಿತು. "ಇನ್ನೊಮ್ಮೆ ತೆಂಗಿನಮರಕ್ಕೆ ಕರೆಂಟ್ ಕೊಟ್ಟರೆ ನಿಮ್ಮ ಹೆಸರೂ ಬರೆಯುತ್ತೇನೆ," ಎಂದು ಹೆಗಡೆಯವರು ಎಚ್ಚರಿಸಿದರು. ಮಾದೇವಿ ಒಳಗೆ ಹೋಗಿ ತನ್ನ ಹಳೆಯ ಸೀರೆ ಸುತ್ತಿಕೊಂಡು ಬಂದಳು. ಕಡೆಗೆ ನಾನು ನನ್ನ ಕುರ್ಚಿಯನ್ನೆತ್ತಿಕೊಂಡೆ. ಹೆಗಡೆಯವರು ನಿಂತೇ ಉಳಿದರು.

ಉಳಿದದ್ದು ಎರಡು ಗಡಿಗೆ, ಒಂದು ಚಾಪೆ, ಬಳಚಿನ ಬುಟ್ಟಿ. ಮತ್ತೆ ಲಕ್ಕಿ.

ಹೆಗಡೆಯವರು ಅಡುಗೆಯ ಭಾಗಕ್ಕೆ ನಡೆದು ಮೇಲೆ ನೋಡಿದರು. ಮಡಲಿನ ಸಂದುಗಳಿಂದ ಇಳಿದ ಬಿಸಿಲು ಅವರ ಬಿಳಿಯ ಅಂಗಿಯ ಮೇಲೆ ಕಾಸಗಲದ ಹತ್ತಾರು ಚುಕ್ಕೆಗಳನ್ನಿಟ್ಟಿತು. ಒಲೆಯ ಕಲ್ಲುಗಳ ಮೇಲೆಯೂ ಅಷ್ಟೇ ಚುಕ್ಕೆಗಳು. ಅವರು ಅಲ್ಲಿಯೇ ನಿಂತು ಮೊದಲಿನ ಪ್ಯಾರಾವನ್ನು ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿ, ಹೊಸದಾಗಿ ಬರೆದು ಓದಿದರು: "ಫಲಾನುಭವಿಯು ಅರ್ಹಳು. ಮಳೆಗೆ ಮುನ್ನ ಕೊನೆಯ ಕಂತನ್ನು ನೀಡತಕ್ಕದ್ದು."

ಮಾದೇವಿ ನೆಲದ ಮೇಲೆ ಆರುತ್ತಿದ್ದ ಶಿರಾವನ್ನು ಎತ್ತಿ ಸುಮತಿಯವರ ಡಬ್ಬಿಗೆ ಒತ್ತಿ ತುಂಬಿ, ಬಾಡಿಸಿದ ಬಾಳೆಲೆಯಿಂದ ಬಾಯಿ ಕಟ್ಟಿ ಮುಂದೆ ಹಿಡಿದಳು.

"ಬೇಡ ತಾಯೀ. ಪರಿಶೋಧನೆಯ ಊರಿನಲ್ಲಿ ನಾನು ಏನನ್ನೂ ತೆಗೆದುಕೊಳ್ಳುವುದಿಲ್ಲ."

"ತಮ್ಗಲ್ಲ ಒಡಿಯಾ," ಎಂದಳು ಲಕ್ಕಿ. "ಡಬ್ಬಿಗೆ."

ಇದಕ್ಕೆ ಅವರ ಕೈಪಿಡಿಯಲ್ಲಿ ನಿಷೇಧವಿರಲಿಲ್ಲ.

ದೋಣಿಗೆ ಇನ್ನೂ ಸಮಯವಿತ್ತು. ದುರ್ಗಪ್ಪನ ಅಂಗಡಿಯ ಮೂಲೆಯಲ್ಲಿ ಎಸ್.ಟಿ.ಡಿ. ಫೋನಿನ ಗೂಡೊಂದಿತ್ತು, ಅದರ ಬಾಗಿಲು ಮುಚ್ಚುತ್ತಿರಲಿಲ್ಲ. ಆದ್ದರಿಂದ ಹೆಗಡೆಯವರು ಕುಮಟೆಯ ಮನೆಗೆ ಆಡಿದ ಮಾತು ಹೊರಗೆ ನಿಂತ ನಮಗೆಲ್ಲ ಕೇಳಿತು; ಸುಮತಿಯವರ ಧ್ವನಿ ಗಟ್ಟಿಯಾದದ್ದರಿಂದ ಅವರದ್ದೂ ಕೇಳಿತು.

"ಸುಮತೀ, ಡಬ್ಬಿ ಸಿಕ್ಕಿದ್ದು."

"ಯಾವ ಡಬ್ಬಿ? ನವರಾತ್ರೀಲಿ ಕಳದ್ದಾ?"

"ಅದೇಯ. ನಾ ಕಳದ್ದಲ್ಲ ಹೇಳಿ ನಾನು ಹನ್ನೊಂದು ವರ್ಷದಿಂದ ಹೇಳ್ತಾ ಇದ್ದಿ. ಈಗ ಸಾಕ್ಷಿ ಸಮೇತ ಬತ್ತೆ!"

ಇಪ್ಪತ್ತೈದು ವರ್ಷ ಅನ್ಯರ ಲೆಕ್ಕ ನೋಡಿದವರು ಮೊದಲ ಬಾರಿಗೆ ತಮ್ಮ ಲೆಕ್ಕ ಚುಕ್ತಾ ಮಾಡಿ ಎದೆಯುಬ್ಬಿಸಿ ನಿಂತರು. ಆ ಕಡೆಯಿಂದ ಸುಮತಿಯವರು ಕೇಳಿದರು:

"ಮುಚ್ಚಳ ಇದ್ದಾ?"

ಹೆಗಡೆಯವರು ಬಾಳೆಲೆಯನ್ನು ನೋಡಿದರು. ಮಾಲತಿಯನ್ನು ನೋಡಿದರು. ಮಾಲತಿ ಹರಿಹರನನ್ನು ನೋಡಿದಳು. ಹರಿಹರ ಆಕಾಶವನ್ನು ನೋಡಿದ.

"...ಇಲ್ಲೆ."

"ಹಂಗಾರೆ ಹುಡ್ಕ್ಯಂಡೇ ಬನ್ನಿ!"

ಹುಡುಕಿದೆವು, ಸಿಗಲಿಲ್ಲ. ಮಾದೇವಿಯ ಒಲೆಯ ಮೇಲೆ ಹಂಚು ಕೂತು ಮೂರನೆಯ ದಿನ ಮಳೆ ಬಂತು, ಒಲೆಯೊಳಗಿನ ಬೂದಿಯೂ ನೆನೆಯಲಿಲ್ಲ. ಆ ವರ್ಷದ ಲೆಕ್ಕದಲ್ಲಿ ಕಾಂಡ್ಲಗದ್ದೆಯ ಮೇಲೆ ಒಂದು ಆಕ್ಷೇಪಣೆಯೂ ಉಳಿಯಲಿಲ್ಲ. ಉಳಿದದ್ದು ಕುಮಟೆಯ ಒಂದು ಅಡುಗೆಮನೆಯಲ್ಲಿ ಮಾತ್ರ. ಅದು ಇಂದಿಗೂ ಇತ್ಯರ್ಥವಾಗಿಲ್ಲವೆಂದು ಕೇಳಿದ್ದೇನೆ.

ಈ ಕಥೆಯನ್ನು ಓದಿದವರಿಗೂ ಓದಿಸಿ ಕೇಳಿದವರಿಗೂ ಮಂಗಳವಾಗಲಿ. ಅವರ ಒಲೆಯ ಮೇಲೆ ಸೋರದ ಮಾಡಿರಲಿ, ಒಲೆಯಲ್ಲಿ ಬೆಂಕಿಯಿರಲಿ. ಎರವಲು ಹೋದ ಅವರ ಪಾತ್ರೆಗಳೆಲ್ಲ ತುಂಬಿದ ಹೊಟ್ಟೆಯಲ್ಲಿ ಮರಳಿ ಬರಲಿ. ದ್ವಿಭುಜನಾದ ಸ್ವಾಮಿಯ ಕೃಪೆ ಇನ್ನೂ ಸ್ವಲ್ಪ ಹೆಚ್ಚಾಗಿದ್ದರೆ, ಮುಚ್ಚಳದೊಂದಿಗೇ ಬರಲಿ.